ಅಕ್ಷತೆ ಬಿದ್ದ ಮೇಲೆ ಅರ್ಜಿ: ಕೆನಡಾದ ಸ್ಪೌಸ್ ಸ್ಪಾನ್ಸರ್‌ಶಿಪ್ ಅಂದ್ರೆ ಏನು?

ಕ್ಯಾಂಟೀನಿನಲ್ಲಿ ಎಂಎಸ್, ಐಇಎಲ್‌ಟಿಎಸ್, ಪಿಆರ್ ಅಂತ ಮಾತು ಶುರುವಾದರೆ ಅದು ಸಾಮಾನ್ಯವಾಗಿ ಸಂಬಳ, ಚಳಿ, ಮನೆ ಬಾಡಿಗೆ ಇಷ್ಟಕ್ಕೇ ನಿಲ್ಲುತ್ತೆ. ಮದುವೆಯ ಮಾತು ಬರೋದು ಕಮ್ಮಿ. ಆದರೆ ಲೆಕ್ಕ ಹಾಕಿ ನೋಡಿ: 22ಕ್ಕೆ ಬಿಇ, 25ರ ಹೊತ್ತಿಗೆ ಮಾಸ್ಟರ್ಸ್, ಆಮೇಲೆ ಒಂದೆರಡು ವರ್ಷ ಕೆಲಸ, ಪಿಆರ್ ಅರ್ಜಿ. ಮನೆಯಲ್ಲಿ ಜಾತಕ ಹೊರಗೆ ತೆಗೆಯೋದೂ ಸರಿಯಾಗಿ ಅದೇ ಹೊತ್ತಿಗೆ. ನಮ್ಮಲ್ಲಿ ಕೆಲವರು ಹೋಗುವವರಾಗುತ್ತೇವೆ, ಕೆಲವರು ಅಲ್ಲಿರುವವರನ್ನು ಮದುವೆಯಾಗುತ್ತೇವೆ. ಎರಡೂ ಕಡೆಯವರಿಗೆ ಈ ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಹಾಗಾಗಿ ಈ ಸಂಚಿಕೆಯಲ್ಲಿ ಕೆನಡಾವನ್ನು ಉದಾಹರಣೆಯಾಗಿ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಯಾರು ಯಾರನ್ನು ಕರೆಸಿಕೊಳ್ಳಬಹುದು?

ಕೆನಡಾದ ಪ್ರಜೆ ಅಥವಾ ಪಿಆರ್ ಇರುವವರು, 18 ವರ್ಷ ತುಂಬಿದ್ದರೆ, ತಮ್ಮ ಗಂಡ ಅಥವಾ ಹೆಂಡತಿಯನ್ನು ಸ್ಪಾನ್ಸರ್ ಮಾಡಬಹುದು. ಸ್ಟಡಿ ಪರ್ಮಿಟ್ ಅಥವಾ ವರ್ಕ್ ಪರ್ಮಿಟ್ ಮೇಲೆ ಇರುವವರಿಗೆ ಈ ಹಕ್ಕಿಲ್ಲ. ಅವರ ಸಂಗಾತಿಗೆ ಇರೋದು ಬೇರೆ ದಾರಿ, ಓಪನ್ ವರ್ಕ್ ಪರ್ಮಿಟ್. ಅದೂ ಈಗ ಬಿಗಿಯಾಗಿದೆ. 2025ರ ಜನವರಿ 21ರಿಂದ ವಿದ್ಯಾರ್ಥಿಗಳ ಪೈಕಿ 16 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಮಾಸ್ಟರ್ಸ್, ಪಿಎಚ್‌ಡಿ ಮತ್ತು ಕೆಲವು ಆಯ್ದ ವೃತ್ತಿಪರ ಕೋರ್ಸುಗಳವರ ಸಂಗಾತಿಗೆ ಮಾತ್ರ ಅದು ಸಿಗುತ್ತೆ. ಒಂದು ವರ್ಷದ ಕೋರ್ಸ್ ತಗೊಂಡು "ಹೆಂಡತಿಯನ್ನೂ ಕರ್ಕೊಂಡು ಹೋಗ್ತೀನಿ" ಅಂತ ಲೆಕ್ಕ ಹಾಕುವವರು ಇದನ್ನು ಮೊದಲು ನೋಡಬೇಕು.

ಪಿಆರ್ ಇರುವವರು ಕೆನಡಾದಲ್ಲೇ ವಾಸವಿದ್ದು ಅರ್ಜಿ ಹಾಕಬೇಕು. ಪ್ರಜೆಗಳು ಹೊರದೇಶದಲ್ಲಿದ್ದರೂ ಹಾಕಬಹುದು, ಆದರೆ ಸಂಗಾತಿಗೆ ಪಿಆರ್ ಸಿಕ್ಕ ಮೇಲೆ ಕೆನಡಾಗೆ ಮರಳುತ್ತೇವೆ ಎಂದು ತೋರಿಸಬೇಕು. ತಂದೆ ತಾಯಿಯನ್ನು ಕರೆಸಿಕೊಳ್ಳಲು ಇರುವ ಹಾಗೆ ಇಲ್ಲಿ ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿ ಇಲ್ಲ. ಆದರೆ ಸರ್ಕಾರದ ಸಾಮಾಜಿಕ ನೆರವಿನ ಹಣದಲ್ಲಿ ಬದುಕುತ್ತಿರುವವರು (ಅಂಗವೈಕಲ್ಯದ ಕಾರಣಕ್ಕೆ ಪಡೆಯುವವರನ್ನು ಬಿಟ್ಟು) ಸ್ಪಾನ್ಸರ್ ಆಗುವಂತಿಲ್ಲ. ತಾವೇ ಸಂಗಾತಿಯ ಸ್ಪಾನ್ಸರ್‌ಶಿಪ್ ಮೇಲೆ ಬಂದವರು ಪಿಆರ್ ಆಗಿ 5 ವರ್ಷ ಕಳೆಯುವ ತನಕ ಇನ್ನೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ.

ಅಮೆರಿಕಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಮೆರಿಕದ ಪ್ರಜೆಗಳು ನಿಶ್ಚಿತಾರ್ಥ ಆದವರನ್ನೂ ಕೆ-1 ವೀಸಾದಲ್ಲಿ ಕರೆಸಿಕೊಂಡು 90 ದಿನದೊಳಗೆ ಮದುವೆಯಾಗಬಹುದು. ಕೆನಡಾದಲ್ಲಿ ನಿಶ್ಚಿತಾರ್ಥದ ವಿಭಾಗವೇ ಇಲ್ಲ. ಮದುವೆ ಆಗಿರಬೇಕು, ಇಲ್ಲವೇ ಕನಿಷ್ಠ ಒಂದು ವರ್ಷ ಒಟ್ಟಿಗೆ ಬಾಳಿರಬೇಕು. ಕಾನೂನಿನ ಅಡ್ಡಿಯಿಂದ ಮದುವೆಯಾಗಲೂ ಒಟ್ಟಿಗೆ ಇರಲೂ ಆಗದವರಿಗೆ ಕಾಂಜುಗಲ್ ಪಾರ್ಟ್ನರ್ ಅನ್ನೋ ಇನ್ನೊಂದು ವಿಭಾಗ ಇದೆ. ಅಲ್ಲೂ ಒಂದು ವರ್ಷದ ಸಂಬಂಧಕ್ಕೆ ಪುರಾವೆ ಬೇಕು.

ಇನ್ನೊಂದು ಮಾತು. ವರ ಟೊರಾಂಟೊದಲ್ಲಿ, ವಧು ತುಮಕೂರಿನಲ್ಲಿ, ತಾಳಿ ವಿಡಿಯೊ ಕಾಲ್‌ನಲ್ಲಿ ಅಂದ್ರೆ ನಡೆಯಲ್ಲ. ಮದುವೆಯ ಹೊತ್ತಿಗೆ ಇಬ್ಬರೂ ಖುದ್ದಾಗಿ ಒಂದೇ ಜಾಗದಲ್ಲಿ ಇರಬೇಕು. ಫೋನ್, ಇಂಟರ್ನೆಟ್ ಅಥವಾ ಪ್ರತಿನಿಧಿಯ ಮೂಲಕ ಆದ ಮದುವೆಯನ್ನು 2015ರಿಂದ ಅವರು ವಲಸೆಗೆ ಒಪ್ಪುತ್ತಿಲ್ಲ.

ಎಲ್ಲರೂ ಎಡವುವ ಜಾಗ: ಮುಚ್ಚಿಟ್ಟ ಮದುವೆ

ಈ ಲೇಖನದಲ್ಲಿ ಒಂದೇ ಒಂದು ಪ್ಯಾರಾ ಓದೋದಾದ್ರೆ ಇದನ್ನು ಓದಿ.

ಒಬ್ಬ ಹುಡುಗ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪಿಆರ್‌ಗೆ ಅರ್ಜಿ ಹಾಕಿದ್ದಾನೆ ಅಂತ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಅವಿವಾಹಿತ. ಅಷ್ಟರಲ್ಲಿ ರಜೆಗೆ ಊರಿಗೆ ಬಂದ, ಮದುವೆಯಾಯ್ತು, ವಾಪಸ್ ಹೋದ, ಪಿಆರ್ ಬಂತು. "ಈಗ ಹೇಳಿದ್ರೆ ಫೈಲ್ ತಡ ಆಗುತ್ತೆ, ಆಮೇಲೆ ಸ್ಪಾನ್ಸರ್ ಮಾಡಿದ್ರಾಯ್ತು" ಅಂತ ಯಾರೋ ಸಲಹೆ ಕೊಟ್ಟಿದ್ದರು, ಸುಮ್ಮನಿದ್ದ. ಕೆನಡಾದ ವಲಸೆ ನಿಯಮಾವಳಿಯ 117(9)(ಡಿ) ಹೇಳೋದು ಇಷ್ಟು: ನೀವು ಪಿಆರ್ ಆಗುವಾಗ ಇದ್ದ ಸಂಗಾತಿಯನ್ನು ಘೋಷಿಸದೆ, ಅವರ ತಪಾಸಣೆ ಆಗದೆ ಉಳಿದಿದ್ದರೆ, ಆಮೇಲೆ ಅವರನ್ನು ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡುವಂತಿಲ್ಲ. ಮದುವೆ ನೂರಕ್ಕೆ ನೂರು ನಿಜವಾಗಿದ್ದರೂ ಅಷ್ಟೇ. ಮಕ್ಕಳಿಗೂ ಇದೇ ನಿಯಮ. ಆಮೇಲೆ ಉಳಿಯೋದು ಮಾನವೀಯ ನೆಲೆಯ ವಿನಾಯಿತಿ ಕೇಳುವಂಥ ಉದ್ದದ, ಖಾತ್ರಿ ಇಲ್ಲದ ದಾರಿಗಳು.

ಅಂಕದ ಆಸೆಯೂ ಇಲ್ಲಿ ಕೆಲಸ ಮಾಡುತ್ತೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿಯಾಗಿರುವವರ ಮೂಲ ಅಂಶಗಳಿಗೆ ಗರಿಷ್ಠ 500 ಅಂಕ. ಜೊತೆಗೆ ಬರುವ ಸಂಗಾತಿ ಇದ್ದರೆ ನಿಮಗೆ 460, ಉಳಿದ 40 ಸಂಗಾತಿಯ ಓದು, ಭಾಷೆ, ಕೆನಡಾದ ಅನುಭವಕ್ಕೆ. ಸಂಗಾತಿ ಭಾಷಾ ಪರೀಕ್ಷೆ ಬರೆಯದಿದ್ದರೆ ಅಂಕ ಬೀಳುತ್ತೆ, ಅದಕ್ಕೇ "ಸಿಂಗಲ್ ಅಂತ ಹಾಕು" ಅನ್ನೋ ಸಲಹೆ ಹುಟ್ಟೋದು. ಸಿಕ್ಕಿಬಿದ್ದರೆ ಅದು ಸುಳ್ಳು ಮಾಹಿತಿ. ಅರ್ಜಿ ಹೋಗುತ್ತೆ, ಜೊತೆಗೆ 5 ವರ್ಷ ಪ್ರವೇಶಕ್ಕೆ ನಿಷೇಧ.

ಸರಿಯಾದ ದಾರಿ ಸುಲಭವಾಗಿದೆ. ಅರ್ಜಿ ಹಾಕಿದ ಮೇಲೆ, ಪಿಆರ್ ಕೈಗೆ ಬರುವ ಮುನ್ನ ಮದುವೆಯಾದರೆ ಕೂಡಲೇ ಇಲಾಖೆಗೆ, ಅಂದರೆ ಐಆರ್‌ಸಿಸಿಗೆ ತಿಳಿಸಿ. ಸಂಗಾತಿಯನ್ನೂ ಅದೇ ಫೈಲಿಗೆ ಸೇರಿಸಬಹುದು. ಈಗಲೇ ಬರಲ್ಲ ಅನ್ನೋದಾದರೆ 'ಜೊತೆಗೆ ಬರುತ್ತಿಲ್ಲ' ಎಂದು ಘೋಷಿಸಿ, ವೈದ್ಯಕೀಯ ತಪಾಸಣೆ ಮಾಡಿಸಿ. ಫೈಲ್ ಕೆಲವು ತಿಂಗಳು ತಡವಾಗಬಹುದು, ಆದರೆ ಬಾಗಿಲು ತೆರೆದೇ ಇರುತ್ತೆ.

ಮದುವೆ ನಿಜ ಅಂತ ತೋರಿಸೋದು ಹೇಗೆ?

ಅಧಿಕಾರಿ ಕೇಳೋದು ಎರಡು ಪ್ರಶ್ನೆ. ಈ ಸಂಬಂಧ ನಿಜವೇ? ಮುಖ್ಯವಾಗಿ ವಲಸೆಯ ಲಾಭಕ್ಕೋಸ್ಕರ ಆದದ್ದೇ? ಎರಡರಲ್ಲಿ ಒಂದರಲ್ಲಿ ಫೇಲ್ ಆದರೂ ಅರ್ಜಿ ತಿರಸ್ಕಾರ. ಹೀಗಾಗಿ ಐಎಂಎಂ 5532 ಅನ್ನೋ ಫಾರಂ ಬಹಳ ಮುಖ್ಯ. ಮೊದಲು ಯಾವಾಗ ಭೇಟಿಯಾದಿರಿ, ಯಾರು ಪರಿಚಯಿಸಿದರು, ಸಮಾರಂಭಕ್ಕೆ ಯಾರು ಬಂದಿದ್ದರು, ಮನೆಯವರಿಗೆ ಗೊತ್ತಾ ಅಂತೆಲ್ಲ ಅದರಲ್ಲಿ ಕೇಳ್ತಾರೆ.

ನಮ್ಮ ಕಡೆಯ ಮದುವೆಗಳಿಗೆ ಇಲ್ಲೊಂದು ಸಮಸ್ಯೆ. ಹೆಣ್ಣು ನೋಡೋ ಶಾಸ್ತ್ರ ಆಗಿ ಮೂರೇ ವಾರಕ್ಕೆ ಲಗ್ನ ಅಂದ್ರೆ ನಮ್ಮ ಅಜ್ಜಿಗೆ ಅದು ಮಾಮೂಲಿ, ಒಟ್ಟಾವಾದಲ್ಲಿ ಕೂತವರಿಗೆ ಅಲ್ಲ. ಮುಚ್ಚಿಡಬೇಕಿಲ್ಲ, ವಿವರಿಸಬೇಕು. ಪ್ರಸ್ತಾಪ ಯಾರ ಮೂಲಕ ಬಂತು, ಜಾತಕ ನೋಡಿದ್ದು, ಎರಡೂ ಮನೆಯವರು ಭೇಟಿಯಾದದ್ದು, ರಜೆ ಇದ್ದದ್ದು ಎಷ್ಟು ದಿನ ಅನ್ನೋದನ್ನ ಒಂದೆರಡು ಪುಟದಲ್ಲಿ ತಾರೀಖಿನ ಸಮೇತ ಬರೆದು ಸೇರಿಸಿ. ದೇವಸ್ಥಾನದಲ್ಲಿ ಹದಿನೈದು ಜನರ ಮುಂದೆ ಸರಳವಾಗಿ ಆಗಿದ್ದರೆ ಯಾಕೆ ಹಾಗೆ ಅಂತಲೂ ಬರೆಯಿರಿ. ಮನೆಯವರ ವಿರೋಧದ ನಡುವೆ ಆದ ಮದುವೆಗೂ ಇದೇ ಮಾತು. ಕಾರಣ ಹೇಳಿದರೆ ಅರ್ಥವಾಗುತ್ತೆ, ಖಾಲಿ ಬಿಟ್ಟರೆ ಅನುಮಾನ ಬರುತ್ತೆ.

ಪುರಾವೆ ಅಂದ್ರೆ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ. ಸಬ್‌ಮಿಷನ್ ಹಿಂದಿನ ರಾತ್ರಿ ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತೆ. ಮದುವೆಗೆ ಮೊದಲಿನ ಮತ್ತು ನಂತರದ ಫೋಟೊಗಳು (ಮನೆಯವರ ಜೊತೆಗಿನದ್ದೂ ಇರಲಿ), ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ವಿಮಾನದ ಟಿಕೆಟ್, ಕಾಲ್ ಲಾಗ್, ಕಳಿಸಿದ ಹಣದ ದಾಖಲೆ, ವಿಮೆಯಲ್ಲಿ ನಾಮಿನಿ ಮಾಡಿದ್ದು ಎಲ್ಲ ಕಾಲಾನುಕ್ರಮದಲ್ಲಿ ಬರಲಿ. ಕನ್ನಡದಲ್ಲಿರುವ ಲಗ್ನಪತ್ರಿಕೆ, ಚಾಟ್‌ಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಆ ಅನುವಾದವನ್ನು ನೀವಾಗಲಿ ಮನೆಯವರಾಗಲಿ ಮಾಡುವಂತಿಲ್ಲ.

ಇಲ್ಲಿ, ಊರಲ್ಲೇ, ಮಾಡಿಕೊಳ್ಳಬೇಕಾದ ಕೆಲಸ

*ವಿವಾಹ ನೋಂದಣಿ.* ಫೋಟೊ, ವಿಡಿಯೊ ಇದ್ದರೆ ಸಾಲದು, ಸರ್ಕಾರದ ಪ್ರಮಾಣಪತ್ರವೇ ಬೇಕು. 1955ರ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗೋದಾದರೆ 30 ದಿನದ ನೋಟಿಸ್ ಇದೆ. ಮೂರು ವಾರದ ರಜೆಗೆ ಬಂದವರು ಆ 30 ದಿನವನ್ನು ಮರೆತರೆ ಕಷ್ಟ.

*ಹೆಸರು.* ಇದು ಅಪ್ಪಟ ನಮ್ಮ ಊರಿನ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್. ಮೂರೂ ಒಂದೇ ವ್ಯಕ್ತಿ ಅಂತ ಅಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ವಿವಾಹ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೇ ಹೆಸರು ಬರಲಿ. ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಅನ್ನೋ ನಿಯಮ ಇಲ್ಲ.

*ಪೊಲೀಸ್ ಪ್ರಮಾಣಪತ್ರ.* 18 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷದಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದಿಂದಲೂ ಬೇಕು. ಭಾರತದ್ದನ್ನು ಪಾಸ್‌ಪೋರ್ಟ್ ಸೇವಾ ಮೂಲಕ ಪಡೆಯಬಹುದು.

*ವೈದ್ಯಕೀಯ ತಪಾಸಣೆ.* ಅವರು ಗುರುತಿಸಿದ ವೈದ್ಯರ ಹತ್ತಿರವೇ ಮಾಡಿಸಬೇಕು. ಸಂಗಾತಿಗೆ ದೊಡ್ಡ ಕಾಯಿಲೆ ಇದ್ದು ಚಿಕಿತ್ಸೆಯ ಖರ್ಚು ಜಾಸ್ತಿ ಅನ್ನೋ ಒಂದೇ ಕಾರಣಕ್ಕೆ ಈ ವರ್ಗದಲ್ಲಿ ತಿರಸ್ಕರಿಸುವಂತಿಲ್ಲ. ಮಧುಮೇಹವನ್ನೋ ಹೃದಯದ ಆಪರೇಷನ್ನನ್ನೋ ಮುಚ್ಚಿಡುವ ಅಗತ್ಯವೇ ಇಲ್ಲ.

*ಟ್ರಾನ್ಸ್‌ಕ್ರಿಪ್ಟ್.* ಸ್ಪಾನ್ಸರ್‌ಶಿಪ್‌ಗೆ ಡಿಗ್ರಿ ಕೇಳಲ್ಲ. ಆದರೆ ಹೋದ ಮೇಲೆ ಕೆಲಸ ಬೇಕಲ್ಲ? ಕೆನಡಾದಲ್ಲಿ ಎಂಜಿನಿಯರಿಂಗ್ ಲೈಸೆನ್ಸ್ ಇರುವ ವೃತ್ತಿ, ಆಯಾ ಪ್ರಾಂತ್ಯದ ಸಂಸ್ಥೆ ಅದನ್ನು ಕೊಡುತ್ತೆ. ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸೋದು ಬೆಳಗಾವಿಗೆ ಹತ್ತಿರ ಇರುವಾಗಲೇ ಸುಲಭ.

ಒಳಗಿನಿಂದಲೋ, ಹೊರಗಿನಿಂದಲೋ?

ಸಂಗಾತಿ ಆಗಲೇ ಕೆನಡಾದಲ್ಲಿ ಜೊತೆಗಿದ್ದರೆ ದೇಶದ ಒಳಗಿನ ವರ್ಗದಲ್ಲೂ ಅರ್ಜಿ ಹಾಕಬಹುದು, ಹೊರಗಿನ ವರ್ಗದಲ್ಲೂ ಹಾಕಬಹುದು. ಹೊರಗಿನ ವರ್ಗದ ಅರ್ಜಿ ತಿರಸ್ಕಾರವಾದರೆ ಸ್ಪಾನ್ಸರ್ 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಒಳಗಿನ ವರ್ಗಕ್ಕೆ ಆ ಮೇಲ್ಮನವಿ ಇಲ್ಲ. ಇದನ್ನು ಆಯ್ಕೆ ಮಾಡುವ ಮೊದಲೇ ಯೋಚಿಸಬೇಕು. ಊರಲ್ಲಿ ಕಾಯುವವರು ನಡುವೆ ವಿಸಿಟರ್ ವೀಸಾ ಕೇಳೋದಕ್ಕೂ ಅಡ್ಡಿಯಿಲ್ಲ. ಪಿಆರ್ ಅರ್ಜಿ ಇದೆ ಅನ್ನೋದನ್ನು ಮುಚ್ಚಿಡದೆ, ಅವಧಿ ಮುಗಿದರೆ ವಾಪಸ್ ಬರ್ತೀವಿ ಅಂತ ಮನವರಿಕೆ ಮಾಡಿಕೊಡಬೇಕು.

ಸಹಿ ಹಾಕಿದ ಮೇಲೆ

ಸ್ಪಾನ್ಸರ್ ಬರೆದುಕೊಡುವ ಮುಚ್ಚಳಿಕೆ ಸಂಗಾತಿ ಪಿಆರ್ ಆದ ದಿನದಿಂದ 3 ವರ್ಷ ಇರುತ್ತೆ. ಆ ಅವಧಿಯಲ್ಲಿ ಸಂಗಾತಿ ಸರ್ಕಾರದ ಸಾಮಾಜಿಕ ನೆರವು ಪಡೆದರೆ ಆ ಹಣವನ್ನು ಸ್ಪಾನ್ಸರ್ ಕಟ್ಟಿಕೊಡಬೇಕು. ಮಧ್ಯೆ ವಿಚ್ಛೇದನ ಆದರೂ, ಸ್ಪಾನ್ಸರ್ ಕೆಲಸ ಕಳೆದುಕೊಂಡರೂ ಮುಚ್ಚಳಿಕೆ ರದ್ದಾಗಲ್ಲ.

ಹೋಗುವವರು ತಿಳಿದಿರಬೇಕಾದ್ದು ಇದಕ್ಕಿಂತ ಮುಖ್ಯ. ಪಿಆರ್ ಆಗುವ ತನಕ ಸ್ಪಾನ್ಸರ್ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದು. ಆದ ಮೇಲೆ ಆ ಪಿಆರ್ ನಿಮ್ಮದು. 2012ರ ಅಕ್ಟೋಬರಿನಿಂದ 2017ರ ಏಪ್ರಿಲ್ ತನಕ, ಹೊಸ ಜೋಡಿಗಳು 2 ವರ್ಷ ಒಟ್ಟಿಗೆ ಬಾಳಲೇಬೇಕು ಎಂಬ ಷರತ್ತಿತ್ತು. ಹಿಂಸೆ ಅನುಭವಿಸುವವರು ಪಿಆರ್ ಹೋಗುತ್ತೆ ಅನ್ನೋ ಭಯಕ್ಕೆ ಅಂಥ ಮನೆಯಲ್ಲೇ ಉಳಿಯುವಂತಾಗುತ್ತೆ ಅನ್ನೋ ಟೀಕೆ ಬಂತು, ಷರತ್ತನ್ನು ತೆಗೆದುಹಾಕಿದರು. ಹಾಗಾಗಿ ಇವತ್ತು "ನನ್ನ ಮಾತು ಕೇಳದಿದ್ರೆ ಊರಿಗೆ ವಾಪಸ್ ಕಳಿಸ್ತೀನಿ" ಅಂತ ಯಾರಾದರೂ ಹೆದರಿಸಿದರೆ, ನಿಜವಾದ ಮದುವೆಯ ಮೇಲೆ ಪಿಆರ್ ಪಡೆದವರ ಮಟ್ಟಿಗೆ ಅದು ಬರೀ ಬೆದರಿಕೆ. ಇನ್ನೂ ಪಿಆರ್ ಆಗಿಲ್ಲದೆ ಕೆನಡಾದೊಳಗೆ ಹಿಂಸೆ ಅನುಭವಿಸುತ್ತಿರುವವರಿಗೂ 2019ರಿಂದ ವಿಶೇಷ ತಾತ್ಕಾಲಿಕ ಪರ್ಮಿಟ್ ಇದೆ, ಅದಕ್ಕೆ ಶುಲ್ಕವಿಲ್ಲ. ತುರ್ತಿಗೆ 911. ಪಾಸ್‌ಪೋರ್ಟ್, ಮೂಲ ಅಂಕಪಟ್ಟಿಗಳು ನಿಮ್ಮ ಕೈಯಲ್ಲೇ ಇರಲಿ, ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ. ಹೋಗುವ ಮೊದಲು ಇಷ್ಟು ಮಾಡಿಕೊಂಡರೆ ಅದು ಗಂಡನ ಮೇಲೆ ಅಪನಂಬಿಕೆ ಅಂತ ಯಾರೂ ತಿಳೀಬೇಕಿಲ್ಲ.

ಏಜೆಂಟ್ ಬೇಕಾ?

ಕಡ್ಡಾಯ ಅಲ್ಲ. ಫಾರಂಗಳು, ಮಾರ್ಗದರ್ಶಿ, ಚೆಕ್‌ಲಿಸ್ಟ್ ಎಲ್ಲ ಐಆರ್‌ಸಿಸಿ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಣ ಪಡೆದು ವಲಸೆಯ ಸಲಹೆ ಕೊಡೋ ಅಧಿಕಾರ ಇರೋದು ಅಲ್ಲಿನ ವಕೀಲರಿಗೆ ಮತ್ತು ಅಲ್ಲಿನ ನಿಯಂತ್ರಣ ಸಂಸ್ಥೆಯ ಪರವಾನಗಿ ಇರುವ ಸಲಹೆಗಾರರಿಗೆ. ಬೋರ್ಡ್ ಎಷ್ಟೇ ದೊಡ್ಡದಿರಲಿ, ಪರವಾನಗಿ ಸಂಖ್ಯೆ ಕೇಳಿ, ಆನ್‌ಲೈನ್‌ನಲ್ಲಿ ಪರೀಕ್ಷಿಸಿ. "ಗ್ಯಾರಂಟಿ ವೀಸಾ" ಅಂದವರ ಅಂಗಡಿಯಿಂದ ಎದ್ದು ಬನ್ನಿ. ಅವರು ತುಂಬಿದ ಸುಳ್ಳಿಗೂ ಸಹಿ ನಿಮ್ಮದೇ, ಶಿಕ್ಷೆಯೂ ನಿಮಗೇ.

ನಿಯಮ, ಶುಲ್ಕ, ಕಾಯುವ ಅವಧಿ ವರ್ಷ ವರ್ಷವೂ ಬದಲಾಗುತ್ತೆ. ಕ್ವಿಬೆಕ್ ಪ್ರಾಂತ್ಯಕ್ಕೆ ಅದರದೇ ಆದ ಹೆಚ್ಚುವರಿ ಹಂತಗಳಿವೆ. ಅರ್ಜಿ ಹಾಕುವ ವಾರದಲ್ಲಿ ಅಧಿಕೃತ ತಾಣವನ್ನು ಇನ್ನೊಮ್ಮೆ ಓದಿ. ಇನ್ನು ಮದುವೆ ಮಾತುಕತೆಯಲ್ಲಿ ಊಟದ ಎಲೆ ಎಷ್ಟು, ಛತ್ರ ಯಾವುದು ಅಂತ ಕೇಳುವಾಗ ಎರಡು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ನಿಮ್ಮ ಈಗಿನ ಸ್ಟೇಟಸ್ ಏನು? ನಿಮ್ಮ ಫೈಲಿನಲ್ಲಿ ನನ್ನ ಹೆಸರು ಯಾವತ್ತು ಸೇರುತ್ತೆ? ಉತ್ತರ ಸ್ಪಷ್ಟವಾಗಿ ಬಂದರೆ ಲಗ್ನ ಗೊತ್ತು ಮಾಡಿ, ತಡವರಿಸಿದರೆ ಮೊದಲು ಕಾಗದ ತೋರಿಸಿ ಅನ್ನಿ.