ಬಲಿಪೀಠ ಮುಂದೆ ಬಂದ ಮೇಲೆ

ಚರ್ಚಿನ ಒಳವಿನ್ಯಾಸವು ಅಲ್ಲಿ ನಡೆಯುವ ಆರಾಧನೆಯ ಕ್ರಮವನ್ನು ಅನುಸರಿಸುವುದರಿಂದ, ಆ ಕ್ರಮ ಬದಲಾದಾಗ ಕಟ್ಟಡವನ್ನೂ ತಿದ್ದಬೇಕಾಗುತ್ತದೆ. 20ನೆಯ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚುಗಳಿಗೆ ಇಂಥ ಸಂದರ್ಭವನ್ನು ತಂದದ್ದು 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆ. ಅದಕ್ಕೆ ಮೊದಲು ಬಲಿಪೀಠ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ವೇದಿಕೆ, ಸಾಮಾನ್ಯವಾಗಿ ಹಿಂಗೋಡೆಗೆ ತಾಗಿಕೊಂಡಿರುತ್ತಿತ್ತು. ಗುರುಗಳು ಜನರಿಗೆ ಬೆನ್ನು ಮಾಡಿ ನಿಂತು ಲ್ಯಾಟಿನ್ ಪ್ರಾರ್ಥನೆಗಳನ್ನು, ಅವುಗಳಲ್ಲಿ ಮುಖ್ಯವಾದದ್ದನ್ನು ಪಿಸುದನಿಯಲ್ಲೇ, ಹೇಳುತ್ತಿದ್ದರು. ಭಕ್ತರೆಲ್ಲರೂ ಆರಾಧನೆಯಲ್ಲಿ ಅರಿತು ಪಾಲ್ಗೊಳ್ಳಬೇಕೆಂದು ಮಹಾಸಭೆ 1963ರಲ್ಲಿ ಸಾರಿತು. ಮರುವರ್ಷದ ಸೂಚನಾಪತ್ರವು, ಸುತ್ತಲೂ ನಡೆದಾಡಲು ಮತ್ತು ಜನರತ್ತ ಮುಖಮಾಡಿ ಪೂಜೆ ನಡೆಸಲು ಅನುಕೂಲವಾಗುವಂತೆ ಬಲಿಪೀಠ ಗೋಡೆಯಿಂದ ಬಿಡಿಯಾಗಿರುವುದು ಒಳ್ಳೆಯದೆಂದಿತು.

ಕೆಲವೇ ಅಡಿಗಳ ಈ ಸ್ಥಳಾಂತರಕ್ಕಾಗಿ ಎಷ್ಟೋ ಕಡೆ ಹಳೆಯ ಅಮೃತಶಿಲೆಯ ಪೀಠಗಳನ್ನೂ, ಜನರು ಮೊಣಕಾಲೂರಿ ಪ್ರಸಾದ ಸ್ವೀಕರಿಸುತ್ತಿದ್ದ ಕಟಕಟೆಗಳನ್ನೂ ಅವಸರದಲ್ಲಿ ಒಡೆದುಹಾಕಲಾಯಿತು. ಮಹಾಸಭೆ ಇದನ್ನು ಕೇಳಿರಲಿಲ್ಲ. ಹಳೆಯದನ್ನು ಹಿನ್ನೆಲೆಯಾಗಿ ಉಳಿಸಿ, ಅದರ ಮುಂದೆ ಸರಳವಾದ ಹೊಸ ಪೀಠವಿಟ್ಟವರೇ ಹೆಚ್ಚು ಜಾಣರು. 1967ರಲ್ಲಿ ಪ್ರತಿಷ್ಠಾಪನೆಗೊಂಡ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಕ್ಯಾಥೊಲಿಕ್ ಕೆಥೆಡ್ರಲ್‌ನಲ್ಲಿ ವಾಸ್ತುಶಿಲ್ಪಿ ಫ್ರೆಡರಿಕ್ ಗಿಬರ್ಡ್ ಬಲಿಪೀಠವನ್ನು ವೃತ್ತಾಕಾರದ ಸಭಾಂಗಣದ ನಡುವಿಗೇ ತಂದರು. ಇದರಿಂದ ಎಲ್ಲರೂ ಹತ್ತಿರವಾದರು, ನಿಜ. ಆದರೆ ನಡುವೆ ನಿಂತವರು ಯಾವ ಕಡೆ ತಿರುಗಿದರೂ ಯಾರಿಗಾದರೂ ಬೆನ್ನು ತೋರಿಸಲೇಬೇಕು.

ಆರಾಧನೆ ಜನಭಾಷೆಗೆ ಬಂದ ಮೇಲೆ ಪ್ರತಿ ಮಾತೂ ತಿಳಿಯಬೇಕಾಯಿತು. ನವೀಕರಣಕ್ಕೆ ಕೈಹಾಕುವವರು ಬಣ್ಣ, ನೆಲಹಾಸುಗಳಿಗೆ ಕೊಡುವ ಗಮನವನ್ನು ಈ ಸಂಗತಿಗೆ ಕೊಡುವುದು ಅಪರೂಪ. ಸದ್ದು ನಿಂತ ಮೇಲೂ ಗೋಡೆ, ಛಾವಣಿಗಳಿಗೆ ಬಡಿದು ಸುಳಿದಾಡುವ ದನಿಯನ್ನು ಅನುರಣನ ಎನ್ನುತ್ತಾರೆ. ಅಮೆರಿಕದ ಭೌತವಿಜ್ಞಾನಿ ವ್ಯಾಲೆಸ್ ಸಬೈನ್ ತೋರಿಸಿದಂತೆ, ಕೋಣೆಯ ಗಾತ್ರ ಹಿಗ್ಗಿದಷ್ಟೂ ಅದು ದೀರ್ಘವಾಗುತ್ತದೆ, ದನಿ ಹೀರುವ ವಸ್ತುಗಳು ಹೆಚ್ಚಿದಷ್ಟೂ ಕುಗ್ಗುತ್ತದೆ. ಜನರ ಮೈ, ಬಟ್ಟೆಗಳೂ ದನಿ ಹೀರುವುದರಿಂದ ಭಾನುವಾರ ತುಂಬಿದ ಚರ್ಚಿನಲ್ಲಿ ಸ್ಪಷ್ಟವಾಗಿ ಕೇಳುವ ವಾಚನ, ವಾರದ ದಿನ ಹತ್ತಾರು ಜನರಿದ್ದಾಗ ಕಲಸಿಹೋಗುತ್ತದೆ. ಆಗ ಮೈಕಿನ ದನಿ ಏರಿಸಿದರೆ ಅನುರಣನವೂ ಏರುತ್ತದೆ. ಸ್ವರಗಳ ಬಾಲದಡಿ ವ್ಯಂಜನಗಳು ಮುಚ್ಚಿಹೋಗಿ ಗದ್ದಲವಷ್ಟೇ ಉಳಿಯುತ್ತದೆ. ಕೇಳುಗರ ಹತ್ತಿರವೇ, ಅವರತ್ತಲೇ ತಿರುಗಿಸಿದ ಸಣ್ಣ ಸ್ಪೀಕರುಗಳು ಇದಕ್ಕಿಂತ ಮೇಲು. ಹಾಗೆಂದು ದನಿಯನ್ನೆಲ್ಲ ಹೀರಿಬಿಟ್ಟರೆ ಗಾಯನ ಸೊರಗುತ್ತದೆ.

ಆರಾಧನೆಗೆ ತಕ್ಕಂತೆ ಚರ್ಚನ್ನು ರೂಪಿಸುವ ಈ ಚಿಂತನೆಗೆ ಭಾರತದಲ್ಲಿ ಇನ್ನೊಂದು ಮುಖವೂ ಸೇರಿತು. ಫಾದರ್ ಡಿ. ಎಸ್. ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರವು ದೇಸೀ ಆರಾಧನಾ ರೂಪಗಳ ಪ್ರಯೋಗಶಾಲೆಯಾಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಮೋಂಬತ್ತಿಯ ಬದಲು ಎಣ್ಣೆದೀಪ ಬಳಸುವುದು ಮುಂತಾದ 12 ಮಾರ್ಪಾಡುಗಳಿಗೆ 1969ರಲ್ಲಿ ರೋಮ್‌ನ ಒಪ್ಪಿಗೆ ದೊರೆಯಿತು. ಬೆಂಚುಗಳಿಲ್ಲದ ಸಭಾಂಗಣದಲ್ಲಿ ಕುಳಿತವರ ಕಣ್ಣಿನ ಮಟ್ಟ ಇಳಿಯುವುದರಿಂದ ಪೀಠವನ್ನೂ ತಗ್ಗಿಸಬೇಕಾಗುತ್ತದೆ. ನೆಲಕ್ಕೆ ಕೂರಲಾಗದ ವೃದ್ಧರಿಗೆ ಕುರ್ಚಿಗಳ ಜಾಗವನ್ನು ನಕ್ಷೆಯಲ್ಲೇ ಕಾದಿರಿಸಬೇಕಾಗುತ್ತದೆ.

ಕರಾವಳಿಯ ಹಳೆಯ ಚರ್ಚುಗಳಲ್ಲಿ ಇವೆಲ್ಲಕ್ಕೂ ಮೊದಲು ಗೋಡೆಯನ್ನು ಪರೀಕ್ಷಿಸುವುದು ಒಳಿತು. ಗೋಡೆಯ ಮುರಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ, ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಆರಗೊಡುತ್ತದೆ. ಗಾರೆ ಕೆತ್ತಿ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಹೊಸ ಬಣ್ಣ ಕೆಲವು ಮಳೆಗಾಲಗಳಲ್ಲೇ ಹಕ್ಕಳೆಯೇಳುತ್ತದೆ.