ಸೌತ್ ಹೇವನ್, ಮಿಷಿಗನ್

ಸೌತ್ ಹೇವನ್ ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಪೂರ್ವ ದಂಡೆಯ ಮೇಲಿರುವ ಒಂದು ಚಿಕ್ಕ ಬಂದರು ಪಟ್ಟಣ. ಬ್ಲ್ಯಾಕ್ ನದಿಯು ಸರೋವರವನ್ನು ಸೇರುವ ಸ್ಥಳದಲ್ಲಿ ಇದು ಬೆಳೆದಿದೆ. ಪಟ್ಟಣದ ಹೆಚ್ಚಿನ ಭಾಗವು ವ್ಯಾನ್ ಬ್ಯೂರನ್ ಕೌಂಟಿಗೂ ಉತ್ತರದ ಸ್ವಲ್ಪ ಭಾಗವು ಆಲಿಗನ್ ಕೌಂಟಿಗೂ ಸೇರಿದೆ. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ನಾಲ್ಕು ಸಾವಿರಕ್ಕೂ ಸ್ವಲ್ಪ ಕಡಿಮೆ. ಬೇಸಿಗೆಯ ದಿನಗಳಲ್ಲಿ ಮಾತ್ರ ಪ್ರವಾಸಿಗರ ಸಂಖ್ಯೆಯು ನಿವಾಸಿಗಳ ಸಂಖ್ಯೆಯನ್ನು ಬಹುವಾಗಿ ಮೀರುತ್ತದೆ. ದೋಣಿವಿಹಾರ, ಮರಳಿನ ದಂಡೆಗಳು, ಕೆಂಪು ದೀಪಸ್ತಂಭ, ಪೀಚ್ ಹಾಗೂ ಬ್ಲೂಬೆರಿ ತೋಟಗಳು ಈ ಊರಿನ ಖ್ಯಾತಿಗೆ ಕಾರಣವಾಗಿವೆ. ಸಸ್ಯವಿಜ್ಞಾನಿ ಲಿಬರ್ಟಿ ಹೈಡ್ ಬೇಯ್ಲಿ ಅವರ ಜನ್ಮಸ್ಥಳವೂ ಇದೇ.

ಸರೋವರದ ಸ್ವರೂಪ

ಸೌತ್ ಹೇವನ್ನನ್ನು ಅರಿಯಬೇಕಾದರೆ ಮೊದಲು ಅದರ ಎದುರಿಗಿರುವ ನೀರನ್ನು ಅರಿಯಬೇಕು. 'ಸರೋವರ' ಎಂಬ ಪದವು ನಮ್ಮ ಮನಸ್ಸಿನಲ್ಲಿ ತಾವರೆಯ ಕೆರೆಯೊಂದರ ಚಿತ್ರವನ್ನು ಮೂಡಿಸುತ್ತದೆ. ಇಲ್ಲಿ ಆ ಚಿತ್ರವು ದಾರಿ ತಪ್ಪಿಸುತ್ತದೆ. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕ ರಾಜ್ಯದ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಇದರ ಗರಿಷ್ಠ ಆಳ 281 ಮೀಟರ್. ದಂಡೆಯಲ್ಲಿ ನಿಂತವರಿಗೆ ಆಚೆಯ ದಡ ಕಾಣಿಸುವುದಿಲ್ಲ. ದಂಡೆಯು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ, ನಮ್ಮ ಕರಾವಳಿಯಲ್ಲಿ ಕಾಣುವಂತೆಯೇ, ಸೂರ್ಯನು ನೀರಿನಲ್ಲಿಯೇ ಮುಳುಗುತ್ತಾನೆ.

ಸಮುದ್ರಕ್ಕಿಂತ ಇದು ಭಿನ್ನವಾಗಿರುವುದು ಎರಡು ಸಂಗತಿಗಳಲ್ಲಿ: ನೀರು ಸಿಹಿಯಾದದ್ದು, ಮತ್ತು ಕಣ್ಣಿಗೆ ಕಾಣುವಂತಹ ಉಬ್ಬರವಿಳಿತವಿಲ್ಲ. ಆದರೆ ಮಳೆ, ಹಿಮ ಮತ್ತು ಆವಿಯಾಗುವಿಕೆಗಳ ಏರುಪೇರಿನಿಂದ ನೀರಿನ ಮಟ್ಟವು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2013ರ ಜನವರಿಯಲ್ಲಿ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿದಿದ್ದ ನೀರು 2020ರ ಬೇಸಿಗೆಯ ವೇಳೆಗೆ ಸುಮಾರು ಆರು ಅಡಿ ಮೇಲೇರಿತ್ತು. ಅಂತಹ ವರ್ಷಗಳಲ್ಲಿ ಅಗಲವಾದ ಮರಳಿನ ದಂಡೆಯು ಕಿರಿದಾದ ಪಟ್ಟಿಯಾಗುತ್ತದೆ, ದಿಬ್ಬದ ಮೇಲಿನ ಮನೆಗಳ ಬುಡ ಕೊರೆಯಲ್ಪಡುತ್ತದೆ. ಹಳೆಯ ಭಾವಚಿತ್ರವನ್ನು ನೋಡಿ ಬಂದವರಿಗೆ ಅದೇ ದಂಡೆ ಸಿಗುತ್ತದೆಂಬ ಭರವಸೆಯಿಲ್ಲ.

ಇತಿಹಾಸ

ಈ ಪ್ರದೇಶವು ಮೂಲತಃ ಪೊಟವಾಟಮಿ ಮೊದಲಾದ ಮೂಲನಿವಾಸಿ ಜನರ ನೆಲೆ. ಅವರು ಇದನ್ನು 'ನಿಕೊನಾಂಗ್' ಎಂದು ಕರೆಯುತ್ತಿದ್ದರು, ಅದರ ಅರ್ಥ 'ಸುಂದರ ಸೂರ್ಯಾಸ್ತ' ಎಂಬುದು ಸ್ಥಳೀಯವಾಗಿ ಪ್ರಚಲಿತವಿರುವ ವಿವರಣೆ. 1830ರ ದಶಕದಲ್ಲಿ ಇಲ್ಲಿಯ ಭೂಮಿಯು ಬಿಳಿಯ ವಲಸಿಗರ ಹೆಸರಿಗೆ ನೋಂದಣಿಯಾಯಿತಾದರೂ ಊರು ನಿಜವಾಗಿ ನೆಲೆಗೊಂಡದ್ದು 1850ರ ದಶಕದಲ್ಲಿ. 1869ರಲ್ಲಿ ಗ್ರಾಮವಾಗಿಯೂ 1902ರಲ್ಲಿ ನಗರವಾಗಿಯೂ ಇದಕ್ಕೆ ಆಡಳಿತ ಮಾನ್ಯತೆ ದೊರೆಯಿತು.

ಮೊದಲ ತಲೆಮಾರಿನ ಜೀವನಾಧಾರ ಮರ. ಒಳನಾಡಿನ ಕಾಡುಗಳಿಂದ ಕಡಿದ ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿ ತಂದು, ಕೊಯ್ದು, ಹಾಯಿಹಡಗುಗಳಲ್ಲಿ ಶಿಕಾಗೊ, ಮಿಲ್ವಾಕಿ ನಗರಗಳಿಗೆ ಸಾಗಿಸುತ್ತಿದ್ದರು. ಆದರೆ ಅಲೆಗಳು ದಂಡೆಯುದ್ದಕ್ಕೂ ಹೊತ್ತು ತರುವ ಮರಳು ನದಿಯ ಬಾಯನ್ನು ಮುಚ್ಚುತ್ತಿತ್ತು. ಇದಕ್ಕೆ ಪರಿಹಾರವಾಗಿ ನದೀಮುಖದ ಎರಡೂ ಬದಿಗಳಿಂದ ಸರೋವರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆಗಳನ್ನು ನಿರ್ಮಿಸಲಾಯಿತು. ಇವುಗಳನ್ನು ಪಿಯರ್ ಎನ್ನುತ್ತಾರೆ. ಮೊದಲು ಮರದವಾಗಿದ್ದ ಇವು ಈಗ ಕಾಂಕ್ರೀಟಿನವು. ಹಡಗುಗಳಿಗೆ ಅಭಯವಿತ್ತ ಈ ಕಟ್ಟೆಗಳೇ ಇಂದು ಈಜುಗಾರರಿಗೆ ಅತ್ಯಂತ ಅಪಾಯಕಾರಿಯಾದ ಸ್ಥಳವಾಗಿರುವ ಸಂಗತಿಯನ್ನು ಮುಂದೆ ವಿವರಿಸಲಾಗಿದೆ.

ಕಾಡು ಬರಿದಾದ ಮೇಲೆ ಅದೇ ನೆಲದಲ್ಲಿ ಹಣ್ಣಿನ ತೋಟಗಳು ಎದ್ದವು. ಹಣ್ಣನ್ನು ಶಿಕಾಗೊಗೆ ಒಯ್ಯುತ್ತಿದ್ದ ಉಗಿಹಡಗುಗಳು ಮರಳುವಾಗ ನಗರದ ಸೆಕೆಯಿಂದ ಬೇಸತ್ತ ಜನರನ್ನು ಕರೆತರತೊಡಗಿದವು. ಹೀಗೆ ಪ್ರವಾಸೋದ್ಯಮವು ಇಲ್ಲಿ ಹಣ್ಣಿನ ಬುಟ್ಟಿಯ ಬೆನ್ನು ಹತ್ತಿ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಶಿಕಾಗೊದ ಯಹೂದಿ ಕುಟುಂಬಗಳು ಇಲ್ಲಿಗೆ ಹೆಚ್ಚಾಗಿ ಬರುತ್ತಿದ್ದವು. ಆ ಕಾಲದಲ್ಲಿ ಅಮೆರಿಕದ ಅನೇಕ ವಿಹಾರಧಾಮಗಳು ಯಹೂದಿಗಳಿಗೆ ಪ್ರವೇಶ ನೀಡುತ್ತಿರಲಿಲ್ಲ. ಸೌತ್ ಹೇವನ್ನಿನಲ್ಲಿ ಯಹೂದಿ ಮನೆತನಗಳೇ ತಮ್ಮ ಆಹಾರಪದ್ಧತಿಗೆ ತಕ್ಕ ವಸತಿಗೃಹಗಳನ್ನು ನಡೆಸಿದ್ದರಿಂದ ಊರಿಗೆ 'ಮಧ್ಯಪಶ್ಚಿಮದ ಕ್ಯಾಟ್ಸ್‌ಕಿಲ್ಸ್' ಎಂಬ ಹೆಸರು ಬಂದಿತು. ಕ್ಯಾಟ್ಸ್‌ಕಿಲ್ಸ್ ಎಂಬುದು ನ್ಯೂಯಾರ್ಕಿನ ಯಹೂದಿಗಳು ಬೇಸಿಗೆ ಕಳೆಯುತ್ತಿದ್ದ ಗುಡ್ಡಗಾಡು. ಮೋಟಾರು ವಾಹನ ಮತ್ತು ವಿಮಾನಯಾನಗಳು ಸುಲಭವಾದಂತೆ ಆ ವಸತಿಗೃಹಗಳು ಒಂದೊಂದಾಗಿ ಮುಚ್ಚಿದವು.

ಈಸ್ಟ್‌ಲ್ಯಾಂಡ್ ಹಡಗು

ಶಿಕಾಗೊ–ಸೌತ್ ಹೇವನ್ ಮಾರ್ಗಕ್ಕೆಂದೇ 1903ರಲ್ಲಿ ಕಟ್ಟಿದ 'ಈಸ್ಟ್‌ಲ್ಯಾಂಡ್' ಎಂಬ ಉಗಿಹಡಗಿನ ಕಥೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ವೇಗಕ್ಕೆ ಹೆಸರಾದ ಈ ಹಡಗಿಗೆ ಆರಂಭದಿಂದಲೂ ಒಂದು ದೋಷವಿತ್ತು: ಮೇಲುಭಾಗ ಭಾರ, ಆದ್ದರಿಂದ ವಾಲುವ ಸ್ವಭಾವ. 1904ರ ಜುಲೈಯಲ್ಲಿ ಸೌತ್ ಹೇವನ್ನಿನಿಂದ ಕಿಕ್ಕಿರಿದ ಪ್ರಯಾಣಿಕರೊಡನೆ ಹೊರಟಾಗ ಅದು ಅಪಾಯಕರವಾಗಿ ವಾಲಿ, ಹೇಗೋ ಚೇತರಿಸಿಕೊಂಡಿತು. ಆ ಎಚ್ಚರಿಕೆಯಿಂದ ಯಾರೂ ಸಾಕಷ್ಟು ಪಾಠ ಕಲಿಯಲಿಲ್ಲ. ಮುಂದೆ ಹಡಗು ಬೇರೆ ಒಡೆಯರ ಕೈಗೆ ಹೋಯಿತು. ಟೈಟಾನಿಕ್ ದುರಂತದ ತರುವಾಯ ಜೀವರಕ್ಷಕ ದೋಣಿಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ನಿಯಮ ಬಂದಾಗ, ಮೊದಲೇ ಮೇಲುಭಾರವಿದ್ದ ಹಡಗಿನ ಮೇಲಂತಸ್ತಿಗೆ ಇನ್ನಷ್ಟು ಭಾರ ಸೇರಿತು. 1915ರ ಜುಲೈ 24ರಂದು ಶಿಕಾಗೊ ನದಿಯಲ್ಲಿ, ದಡಕ್ಕೆ ಇನ್ನೂ ತಾಗಿಕೊಂಡಿರುವಾಗಲೇ, ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತಿದ್ದ ಹಡಗು ಮಗುಚಿತು. 844 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಂದಿ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯ ಕೆಲಸಗಾರರು ಮತ್ತು ಅವರ ಮನೆಯವರು. ಆ ದಿನ ಅವರು ಹೊರಟದ್ದು ವನಭೋಜನಕ್ಕೆ.

ದೀಪಸ್ತಂಭ

ದಕ್ಷಿಣದ ಪಿಯರ್‌ನ ತುದಿಯಲ್ಲಿರುವ ಕೆಂಪು ದೀಪಸ್ತಂಭವು ಪಟ್ಟಣದ ಗುರುತು. ಇಲ್ಲಿ ಮೊದಲು ದೀಪ ಬೆಳಗಿದ್ದು 1872ರಲ್ಲಿ, ಮರದ ಗೋಪುರವೊಂದರಿಂದ. ಈಗ ಕಾಣುವ 35 ಅಡಿ ಎತ್ತರದ ಲೋಹದ ಗೋಪುರವು 1903ರದ್ದು. ದಡದಿಂದ ಗೋಪುರದವರೆಗೆ, ಪಿಯರ್‌ನ ಮೇಲೆ ಎತ್ತರದಲ್ಲಿ ಸಾಗುವ ಕಿರಿದಾದ ಕಬ್ಬಿಣದ ನಡೆಹಾದಿಯನ್ನು ಗಮನಿಸಬೇಕು. ಬಿರುಗಾಳಿಯಲ್ಲಿ ಅಲೆಗಳು ಪಿಯರ್‌ನ ಮೇಲೆಯೇ ಹರಿಯುವಾಗ ದೀಪಪಾಲಕನು ಈ ಹಾದಿಯಿಂದ ಹೋಗಿ ದೀಪ ಹಚ್ಚಬೇಕಾಗಿತ್ತು. ಇಂತಹ ನಡೆಹಾದಿಗಳಲ್ಲಿ ಬಹಳಷ್ಟು ನಾಶವಾಗಿವೆ; ಇದು ಉಳಿದ ಕೆಲವೇ ಕೆಲವುಗಳಲ್ಲಿ ಒಂದು.

1874ರಿಂದ 1909ರವರೆಗೆ, ಮೂವತ್ತೈದು ವರ್ಷ, ಇಲ್ಲಿ ದೀಪಪಾಲಕರಾಗಿದ್ದವರು ಜೇಮ್ಸ್ ಡೊನಹ್ಯು. ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಒಂದು ಕಾಲನ್ನು ಕಳೆದುಕೊಂಡಿದ್ದರು. ಊರುಗೋಲಿನ ಆಸರೆಯಲ್ಲಿ ಆ ಹಾದಿಯನ್ನು ನಿತ್ಯವೂ ಕ್ರಮಿಸಿದ ಅವರು ಮುಳುಗುತ್ತಿದ್ದ ಹಲವರನ್ನು ನೀರಿನಿಂದ ಮೇಲೆತ್ತಿ ಉಳಿಸಿದರು. ಪಾಲಕರ ಹಳೆಯ ವಾಸದ ಮನೆಯು ಈಗ ಮಿಷಿಗನ್ ಕಡಲ ವಸ್ತುಸಂಗ್ರಹಾಲಯದ ಗ್ರಂಥಾಲಯವಾಗಿದೆ.

ಹಣ್ಣಿನ ಸೀಮೆ ಮತ್ತು ಬೇಯ್ಲಿ

ಇಷ್ಟು ಉತ್ತರದಲ್ಲಿ, ಕೊರೆಯುವ ಚಳಿಯ ನಾಡಿನಲ್ಲಿ, ಸೂಕ್ಷ್ಮವಾದ ಪೀಚ್ ಮರ ಬದುಕುವುದು ಹೇಗೆ? ಇದರ ಉತ್ತರವೂ ಸರೋವರದಲ್ಲಿದೆ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಪೂರ್ವದಂಡೆಯ ಹವೆಯು ಚಳಿಗಾಲದಲ್ಲಿ ಒಳನಾಡಿನಷ್ಟು ಕಠೋರವಾಗುವುದಿಲ್ಲ. ವಸಂತದಲ್ಲಿ ತಣ್ಣನೆಯ ಸರೋವರವು ಹೂ ಅರಳುವುದನ್ನು ತಡಮಾಡಿಸಿ, ಕೊನೆಯ ಹಿಮಪಾತದ ಬಾಯಿಗೆ ಮೊಗ್ಗುಗಳು ಸಿಕ್ಕದಂತೆ ಕಾಯುತ್ತದೆ. ಅದೇ ಗಾಳಿಯೇ ದಂಡೆಯ ಮರಳನ್ನು ಎತ್ತಿ ದಿಬ್ಬಗಳನ್ನು ಕಟ್ಟಿದೆ.

ಇಲ್ಲಿಯ ಕೃಷಿ ಪ್ರಯೋಗಕೇಂದ್ರದಲ್ಲಿ ಸ್ಟ್ಯಾನ್ಲಿ ಜಾನ್‌ಸ್ಟನ್ ಅವರು ಅಭಿವೃದ್ಧಿಪಡಿಸಿ 1940ರಲ್ಲಿ ಬಿಡುಗಡೆ ಮಾಡಿದ 'ರೆಡ್‌ಹೇವನ್' ಎಂಬ ಪೀಚ್ ತಳಿಯು ಅನೇಕ ದೇಶಗಳಿಗೆ ಹರಡಿತು. ಆ ಹಣ್ಣಿನ ಹೆಸರಿನಲ್ಲಿರುವ 'ಹೇವನ್' ಈ ಊರಿನದು. ಹುಳಿಮಣ್ಣಿನ ಜೌಗುನೆಲದಲ್ಲಿ ಬ್ಲೂಬೆರಿಯನ್ನು ವಾಣಿಜ್ಯ ಬೆಳೆಯಾಗಿ ಬೆಳೆಸುವ ಪ್ರಯತ್ನದಲ್ಲಿಯೂ ಅವರ ಪಾಲು ದೊಡ್ಡದು. ಪ್ರತಿ ಆಗಸ್ಟಿನಲ್ಲಿ ಇಲ್ಲಿ ಬ್ಲೂಬೆರಿ ಉತ್ಸವ ನಡೆಯುತ್ತದೆ.

ಲಿಬರ್ಟಿ ಹೈಡ್ ಬೇಯ್ಲಿ (1858–1954) ಇಲ್ಲಿಯ ಸೇಬುತೋಟದ ರೈತನ ಮಗ. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿಯ ಕೃಷಿ ಕಾಲೇಜಿನ ಡೀನರಾಗಿ, ತೋಟಗಾರಿಕೆಯನ್ನು ಒಂದು ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಗ್ರಗಣ್ಯರಾದರು. ಬೇಸಾಯದಲ್ಲಿ ರೂಪುಗೊಂಡ ತಳಿಯನ್ನು ಸೂಚಿಸಲು ಸಸ್ಯವಿಜ್ಞಾನಿಗಳು ಇಂದಿಗೂ ಬಳಸುವ 'ಕಲ್ಟಿವಾರ್' ಎಂಬ ಪದವನ್ನು 1923ರಲ್ಲಿ ರಚಿಸಿದವರು ಅವರೇ. ಮಕ್ಕಳಿಗೆ ಪುಸ್ತಕಕ್ಕಿಂತ ಮುಂಚೆ ಗಿಡವನ್ನು, ಕೀಟವನ್ನು, ಮಣ್ಣನ್ನು ತೋರಿಸಬೇಕೆಂಬ 'ನಿಸರ್ಗ ಅಧ್ಯಯನ' ಚಳವಳಿಗೂ ಅವರು ನಾಯಕರು. ತರಗತಿಯ ನಾಲ್ಕು ಗೋಡೆಗಳ ನಡುವೆ ದಳ, ಪುಷ್ಪಪತ್ರಗಳನ್ನು ಕರಿಹಲಗೆಯ ಮೇಲೆ ಬರೆದು ಕಲಿಸಿದ ಅಧ್ಯಾಪಕರು ಈ ಮಾತನ್ನು ಸಂಕೋಚದಿಂದಲೇ ಓದಬೇಕು. ಅವರು ಹುಟ್ಟಿದ ಮನೆಯು ಈಗ ವಸ್ತುಸಂಗ್ರಹಾಲಯ. ದಂಡೆಗೆ ಬರುವ ಬಹುಮಂದಿ ಅದನ್ನು ನೋಡದೆ ಮರಳುವುದು ಖೇದಕರ.

ದಂಡೆಗಳು ಮತ್ತು ನೀರಿನ ಅಪಾಯ

ನದೀಮುಖದ ಎರಡು ಬದಿಗಳಲ್ಲಿ ಉತ್ತರ ದಂಡೆ, ದಕ್ಷಿಣ ದಂಡೆಗಳೆಂಬ ಎರಡು ಮುಖ್ಯ ಸಾರ್ವಜನಿಕ ದಂಡೆಗಳಿವೆ. ಪಟ್ಟಣದಿಂದ ಕೆಲವು ಕಿಲೋಮೀಟರ್ ದಕ್ಷಿಣದಲ್ಲಿರುವ ವ್ಯಾನ್ ಬ್ಯೂರನ್ ರಾಜ್ಯೋದ್ಯಾನದಲ್ಲಿ ಎತ್ತರದ ಮರಳುದಿಬ್ಬಗಳನ್ನು ದಾಟಿ ನೀರಿಗೆ ಇಳಿಯಬಹುದು.

ಈ ಸರೋವರದಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಜನರು ಮುಳುಗಿ ಸಾಯುತ್ತಾರೆ. ಅವರಲ್ಲಿ ಈಜು ಬಲ್ಲವರೂ ಇರುತ್ತಾರೆ. ಕಾರಣಗಳನ್ನು ತಿಳಿದರೆ ಬಹಳಷ್ಟು ಸಾವುಗಳನ್ನು ತಪ್ಪಿಸಬಹುದು. ಸಾಗರದ ಅಲೆಗಳ ನಡುವೆ ಉಸಿರಾಡಲು ಬಿಡುವಿರುತ್ತದೆ. ಇಲ್ಲಿಯ ಅಲೆಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೊಂದು ಅಪ್ಪಳಿಸುತ್ತವೆ. ಸಿಹಿನೀರು ದೇಹವನ್ನು ಉಪ್ಪುನೀರಿನಷ್ಟು ತೇಲಿಸುವುದಿಲ್ಲ. ದಂಡೆಯ ಗಾಳಿಯು ಮೇಲ್ಪದರದ ಬೆಚ್ಚಗಿನ ನೀರನ್ನು ದೂರ ತಳ್ಳಿದರೆ ಆಳದ ತಣ್ಣೀರು ಮೇಲೆ ಬಂದು, ನಿನ್ನೆ ಹಿತವಾಗಿದ್ದ ನೀರು ಇಂದು ಮೈ ಮರಗಟ್ಟಿಸುವಂತಾಗುತ್ತದೆ.

ಅತ್ಯಂತ ಘೋರವಾದದ್ದು ಪಿಯರ್‌ನ ಪಕ್ಕದ ಸೆಳವು. ಓರೆಯಾಗಿ ಬರುವ ಅಲೆಗಳು ದಂಡೆಯುದ್ದಕ್ಕೂ ಒಂದು ಪ್ರವಾಹವನ್ನು ಹುಟ್ಟಿಸುತ್ತವೆ. ಅದು ಪಿಯರ್‌ಗೆ ತಾಗಿದಾಗ ಬೇರೆ ದಾರಿಯಿಲ್ಲದೆ ಗೋಡೆಯ ಗುಂಟ ಆಳದ ಕಡೆಗೆ ತಿರುಗುತ್ತದೆ. ಜೊತೆಗೆ, ಕಾಂಕ್ರೀಟಿಗೆ ಬಡಿದು ಹಿಂದಿರುಗುವ ಅಲೆಗಳು ಹೊಸ ಅಲೆಗಳೊಡನೆ ಘರ್ಷಿಸುತ್ತವೆ. ಸಾಮಾನ್ಯವಾದ ಸೆಳವಿಗೆ ಸಿಕ್ಕವರು ಅದರ ವಿರುದ್ಧ ಹೋರಾಡದೆ, ಅಂಗಾತನಾಗಿ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಈಜಬೇಕು. ಪಿಯರ್‌ನ ಬಳಿ ಒಂದು ಪಕ್ಕದಲ್ಲಿ ಗೋಡೆಯೇ ಇರುವುದರಿಂದ ಈ ಉಪಾಯವು ಅರ್ಧಕ್ಕರ್ಧ ಸೋಲುತ್ತದೆ. ಅಲ್ಲಿ ತೇಲುತ್ತಾ ಕೂಗಿ ಸಹಾಯ ಪಡೆಯುವುದು, ಮೇಲಿದ್ದವರು ತೇಲುಬಳೆಯನ್ನು ಎಸೆದು 911ಕ್ಕೆ ಕರೆಮಾಡುವುದು ಸರಿಯಾದ ಕ್ರಮ. ಉಳಿಸಲೆಂದು ಬರಿಗೈಯಲ್ಲಿ ಧುಮುಕಿದವರೂ ಮುಳುಗಿದ ಪ್ರಸಂಗಗಳು ಸರೋವರಗಳ ದಂಡೆಯಲ್ಲೆಲ್ಲ ಇವೆ.

ದಂಡೆಯಲ್ಲಿ ಹಾರಿಸುವ ಬಾವುಟಗಳಲ್ಲಿ ಹಸಿರು ಕಡಿಮೆ ಅಪಾಯವನ್ನೂ ಹಳದಿ ಮಧ್ಯಮ ಅಪಾಯವನ್ನೂ ಕೆಂಪು ಹೆಚ್ಚಿನ ಅಪಾಯವನ್ನೂ ಸೂಚಿಸುತ್ತವೆ. ಎರಡು ಕೆಂಪು ಬಾವುಟಗಳಿದ್ದರೆ ನೀರಿಗೆ ಇಳಿಯುವಂತಿಲ್ಲ. ಬಿಸಿಲು ಹೊಳೆಯುತ್ತಿದ್ದರೂ ಕೆಂಪು ಬಾವುಟವಿರಬಹುದು. ಅಪಾಯವನ್ನು ತರುವುದು ಗಾಳಿಯೇ ಹೊರತು ಮೋಡವಲ್ಲ. ಚಳಿಗಾಲದಲ್ಲಿ ದೀಪಸ್ತಂಭವು ಹಿಮದ ಹೊದಿಕೆಯಲ್ಲಿ ಶಿಲ್ಪದಂತೆ ಕಾಣುತ್ತದೆ. ಆಗ ಪಿಯರ್‌ನ ಮೇಲೆ ನಡೆಯಬಾರದು; ದಡದಿಂದಲೇ ನೋಡಿ ತೃಪ್ತರಾಗುವುದು ಲೇಸು.

ದೋಣಿವಿಹಾರ

ಬ್ಲ್ಯಾಕ್ ನದಿಯ ಕೆಳಭಾಗವು ಹಾಯಿದೋಣಿ ಮತ್ತು ಯಂತ್ರದೋಣಿಗಳ ತಂಗುದಾಣ. ಪಟ್ಟಣದ ನಡುವಿನ ಡೈಕ್‌ಮನ್ ಅವೆನ್ಯೂ ಸೇತುವೆಯು ಎತ್ತರದ ಹಾಯಿಕಂಬಗಳಿಗೆ ದಾರಿ ಮಾಡಿಕೊಡಲು ಮೇಲಕ್ಕೆ ತೆರೆದುಕೊಳ್ಳುತ್ತದೆ. ಆಗ ವಾಹನಗಳು ಕಾದು ನಿಲ್ಲುವುದೂ ಜನರು ನಿಂತು ನೋಡುವುದೂ ಇಲ್ಲಿಯ ದಿನಚರಿಯ ಭಾಗ. ಹೊಸಬರಿಗೆ ಸರೋವರಕ್ಕಿಂತ ನದಿಯ ಮೇಲ್ಭಾಗವೇ ಸೂಕ್ತ; ಅಲ್ಲಿ ಕಯಾಕ್ ದೋಣಿಗಳಲ್ಲಿ ನಿಧಾನವಾಗಿ ಹುಟ್ಟುಹಾಕುತ್ತ ಹೋಗಬಹುದು. ಮಿಷಿಗನ್ ಕಾನೂನಿನಂತೆ ಆರು ವರ್ಷದೊಳಗಿನ ಮಕ್ಕಳು ದೋಣಿಯ ತೆರೆದ ಭಾಗದಲ್ಲಿರುವಾಗ ಜೀವರಕ್ಷಕ ಕವಚ ತೊಟ್ಟಿರಬೇಕು. 1996ರ ಜುಲೈ 1ರಂದು ಮತ್ತು ಅನಂತರ ಹುಟ್ಟಿದವರು ಯಂತ್ರದೋಣಿ ನಡೆಸಬೇಕಾದರೆ ಸುರಕ್ಷತಾ ಪ್ರಮಾಣಪತ್ರ ಹೊಂದಿರಬೇಕು.

ಮೀನುಗಾರಿಕೆಗೆ ಪರವಾನಗಿ ಅಗತ್ಯ. ಇಲ್ಲಿ ಹಿಡಿಯುವ ಸಾಲ್ಮನ್ ಮೀನು ಈ ಸರೋವರದ ಮೂಲನಿವಾಸಿಯಲ್ಲ. ಹೊರಗಿನಿಂದ ನುಸುಳಿ ವಿಪರೀತವಾಗಿ ಬೆಳೆದಿದ್ದ ಏಲ್‌ವೈಫ್ ಎಂಬ ಸಣ್ಣ ಮೀನನ್ನು ತಿನ್ನಲೆಂದು 1966ರಲ್ಲಿ ಪೆಸಿಫಿಕ್ ಸಾಗರದ ಕೋಹೊ ಸಾಲ್ಮನ್ ಮರಿಗಳನ್ನು ಮಿಷಿಗನ್ ರಾಜ್ಯದ ನದಿಗಳಲ್ಲಿ ಬಿಡಲಾಯಿತು.

ನದಿಯ ದಡದಲ್ಲಿರುವ ಮಿಷಿಗನ್ ಕಡಲ ವಸ್ತುಸಂಗ್ರಹಾಲಯದ 'ಫ್ರೆಂಡ್ಸ್ ಗುಡ್ ವಿಲ್' ಎಂಬ ಹಾಯಿಹಡಗಿನಲ್ಲಿ ಪ್ರವಾಸಿಗರು ಬೇಸಿಗೆಯಲ್ಲಿ ಸರೋವರಯಾನ ಮಾಡಬಹುದು. ಇದು ಅದೇ ಹೆಸರಿನ ಹಳೆಯ ವ್ಯಾಪಾರಿ ಹಡಗಿನ ಪ್ರತಿರೂಪ, 2004ರಲ್ಲಿ ನೀರಿಗಿಳಿಯಿತು. ಮೂಲ ಹಡಗನ್ನು 1812ರ ಯುದ್ಧದಲ್ಲಿ ಬ್ರಿಟಿಷರು ಮ್ಯಾಕಿನಾ ದ್ವೀಪದಲ್ಲಿ ಉಪಾಯದಿಂದ ವಶಪಡಿಸಿಕೊಂಡು 'ಲಿಟಲ್ ಬೆಲ್ಟ್' ಎಂದು ಹೆಸರಿಟ್ಟರು. 1813ರ ಸೆಪ್ಟೆಂಬರ್ 10ರ ಈರಿ ಸರೋವರದ ಕದನದಲ್ಲಿ ಅಮೆರಿಕನ್ನರು ಅದನ್ನು ಮರಳಿ ಗೆದ್ದರು. ಆ ವರ್ಷ ಮುಗಿಯುವ ಮುನ್ನ ಬಫಲೊ ಬಳಿ ಬ್ರಿಟಿಷರು ಅದನ್ನು ಸುಟ್ಟುಹಾಕಿದರು.

ತಲುಪುವ ಬಗೆ

ಶಿಕಾಗೊದಿಂದ ರಸ್ತೆಯ ಮೂಲಕ ಸುಮಾರು 200 ಕಿಲೋಮೀಟರ್. ಸಮೀಪದ ದೊಡ್ಡ ನಗರ ಕಲಮಜೂ. ಅಲ್ಲಿಂದ ಸೌತ್ ಹೇವನ್ನಿಗೆ 1870ರ ಸುಮಾರಿಗೆ ಹಾಕಿದ್ದ ರೈಲುದಾರಿಯ ಹಳಿಗಳನ್ನು ಕಿತ್ತು, ಸುಮಾರು 54 ಕಿಲೋಮೀಟರ್ ಉದ್ದದ 'ಕಲ್-ಹೇವನ್' ಎಂಬ ಸೈಕಲ್ ಮತ್ತು ಕಾಲುದಾರಿಯನ್ನಾಗಿ ಮಾಡಿದ್ದಾರೆ. ಈಜಲು ಜುಲೈ, ಆಗಸ್ಟ್ ತಿಂಗಳುಗಳು ಹಿತ. ಆದರೆ ವಸತಿ ದುಬಾರಿ, ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಜನಸಂದಣಿ ತಗ್ಗುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಶರತ್ಕಾಲ ಮುಂದುವರಿದಂತೆ ಬಿರುಗಾಳಿಗಳು ಹೆಚ್ಚುತ್ತವೆ.