ಒಂದು ದೇಹ, ಒಂದೇ ನಂಬರು

ಬೆಂಗಳೂರಿನ ಜೀವನ್ ಬಿಮಾ ನಗರದಿಂದ ಹಳೇ ಏರ್‌ಪೋರ್ಟ್ ರಸ್ತೆ ದಾಟಿದರೆ ಗಾಲ್ಫ್ ಮೈದಾನ. 1990ರ ಫೆಬ್ರುವರಿ 14ರ ಮಧ್ಯಾಹ್ನ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ-320 ವಿಮಾನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಈ ಮೈದಾನಕ್ಕೆ ಬಡಿದು, ಪುಟಿದು, ದಿಬ್ಬಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು.

ವಿಮಾನ ಏಕೆ ಬಿತ್ತೆಂದು ತಿಳಿಯಲು ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ವಿಚಾರಣೆ ನಡೆಯಿತು. ಆದರೆ ಬೆಂಕಿಗೆ ಸಿಕ್ಕವರಲ್ಲಿ ಯಾರು ಯಾರು? ಮುಖ, ಬಟ್ಟೆ, ಉಂಗುರ, ಹಲ್ಲು ನೋಡಿ ಗುರುತು ಹಿಡಿಯುವ ಕಾಲ ಅದು. ಅಲೆಕ್ ಜೆಫ್ರೀಸ್ ಇಂಗ್ಲೆಂಡಿನಲ್ಲಿ ಡಿಎನ್‌ಎ ಬೆರಳಚ್ಚು ಕಂಡುಕೊಂಡದ್ದು 1984ರಲ್ಲಿ. ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅದನ್ನು ಭಾರತದಲ್ಲಿ ಬೆಳೆಸುತ್ತಿದ್ದರಷ್ಟೆ.

ಇಪ್ಪತ್ತು ವರ್ಷಗಳ ನಂತರ, 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ಕಮರಿಗೆ ಉರುಳಿತು. 158 ಸಾವು, ಉಳಿದವರು ಎಂಟೇ ಮಂದಿ. ಕಂಗಾಲಾದ ಮನೆಯವರು ಕಣ್ಣಂದಾಜಿನಲ್ಲಿ ಗುರುತಿಸಿ ಶವಗಳನ್ನು ಒಯ್ದರು. ಉಳಿದ ದೇಹಗಳ ಮಾದರಿ ಹೈದರಾಬಾದಿನ ಡಿಎನ್‌ಎ ಕೇಂದ್ರಕ್ಕೆ ಹೋದಾಗ ಕೆಲವು ಹೊಂದಿದವು, 12 ದೇಹಗಳು ಕಾದು ಕೂತ ಯಾವ ಕುಟುಂಬಕ್ಕೂ ಹೊಂದಲಿಲ್ಲ. ಅಂದರೆ, ಮೊದಲೇ ಒಯ್ದವುಗಳಲ್ಲಿ ಕೆಲವು ಅದಲುಬದಲಾಗಿದ್ದಿರಬೇಕು. ಆ ಮನೆಯವರನ್ನು ದೂರುವಂತಿಲ್ಲ. ಸುಟ್ಟ ಮುಖದೆದುರು ನಿಂತ ತಂದೆಯ ಕಣ್ಣನ್ನೇ ಸಾಕ್ಷಿಯೆಂದು ಒಪ್ಪಿದ ವ್ಯವಸ್ಥೆಯದೇ ತಪ್ಪು.

ಹಲವರು ಸತ್ತ ಜಾಗದ ತನಿಖೆಯ ಶಿಸ್ತಿನ ಒಂದು ಮುಖ್ಯ ಗುರಿ ಇಂಥ ಅದಲುಬದಲು ತಪ್ಪಿಸುವುದು. ಅಪಘಾತವೋ, ಬಾಂಬೋ, ಕೊಲೆಯೋ ತಿಳಿಯುವ ತನಕ ಜಾಗವನ್ನು ಅಪರಾಧ ಸ್ಥಳವೆಂದೇ ಕಾಯಬೇಕು. ಗಾಯಾಳುಗಳನ್ನು ಸಾಗಿಸುವುದು ಮೊದಲು. ಆಮೇಲೆ ಆತುರ ಸಲ್ಲದು. ಶವ ಎತ್ತುವ ಮುನ್ನ ಅದು ಬಿದ್ದ ಜಾಗ ನಕ್ಷೆಯಲ್ಲಿ ದಾಖಲಾಗಬೇಕು, ಪಕ್ಕದಲ್ಲಿ ನಂಬರು ಇಟ್ಟು ಫೋಟೊ ತೆಗೆಯಬೇಕು. ಮೈಮೇಲಿನ ವಾಚು, ಸರದ ಚೀಲಕ್ಕೂ ಪಂಚನಾಮೆಗೂ ಮರಣೋತ್ತರ ವರದಿಗೂ ಹಲ್ಲಿನ ಮಾದರಿಗೂ ಅದೇ ನಂಬರು. ಪಕ್ಕದಲ್ಲಿ ಬಿದ್ದ ಪರ್ಸನ್ನು ಮಾತ್ರ ಶವದ ಜೇಬಿಗೆ ಸೇರಿಸಬಾರದು, ಅದು ಇನ್ನೊಬ್ಬರದ್ದಾಗಿರಬಹುದು. ಅದಕ್ಕೆ ಬೇರೆಯದೇ ನಂಬರು.

2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದಲ್ಲಿ ಸತ್ತ 260 ಮಂದಿಯಲ್ಲಿ ಬಹುಪಾಲು ಜನರ ಗುರುತು ಸಿಕ್ಕಿದ್ದು ಡಿಎನ್‌ಎಯಿಂದ. ಸ್ಥಳದ ತನಿಖೆಗೆ ಈಗ ಕಾನೂನಿನ ಬೆಂಬಲವೂ ಇದೆ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುತ್ತದೆ. ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಆದರೆ ತಜ್ಞರಿಗಿಂತ ಮೊದಲು ಅಲ್ಲಿ ನಿಲ್ಲುವವರು ಬೀಟ್ ಪೊಲೀಸರು. ನಂಬರಿನ ಈ ತರಬೇತಿ ಮೊದಲು ತಲುಪಬೇಕಾದ್ದು ಅವರ ಠಾಣೆಗಳಿಗೆ.